ಬೇಟೆಯಾದವರ ಹೆಸರು, ಆಳಿದವರ ಪಕ್ಷ: ವಿಗ್ ಮತ್ತು ಟೋರಿ ಹುಟ್ಟಿದ ಬಗೆ

1681ರ ಅಕ್ಟೋಬರ್ ತಿಂಗಳು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪಾದ್ರಿ ಆಲಿವರ್ ಹೇವುಡ್ ತಾನು ಕೇಳಿದ ಸುದ್ದಿಯೊಂದನ್ನು ದಿನಚರಿಯಲ್ಲಿ ಬರೆದಿಟ್ಟ. ಚೆಸ್ಟರ್‌ಫೀಲ್ಡ್ ಊರಿನ ಒಂದು ಮನೆಗೆ ಯಾರೋ ದೊಡ್ಡ ಮನುಷ್ಯ ಬಂದಿದ್ದನಂತೆ. ಅವನ ಟೋಪಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಇದೇಕೆ ಎಂದು ಮನೆಯಾಕೆ ಕೇಳಿದಳು. ತಾನು ಟೋರಿ ಎಂಬುದಕ್ಕೆ ಅದು ಗುರುತು ಎಂದ. ಟೋರಿ ಎಂದರೆ ಯಾರು ಎಂದು ಆಕೆ ಮತ್ತೆ ಕೇಳಿದಾಗ, ಐರಿಶ್ ದಂಗೆಕೋರ ಎಂದು ಉತ್ತರ ಬಂತು. ಆಕೆ ಹೌಹಾರಿದಳು. ಮೊದಲು ರಾಜನ ಕಡೆಯವರು ಕ್ಯಾವಲಿಯರ್, ಪಾರ್ಲಿಮೆಂಟಿನ ಕಡೆಯವರು ರೌಂಡ್‌ಹೆಡ್ ಎಂದು ಜನ ಇಬ್ಭಾಗವಾಗಿದ್ದರು, ಈಗ ಟೋರಿ ಮತ್ತು ವಿಗ್ ಎನ್ನುತ್ತಾರೆ, ಟೋರಿಗಳದು ಕೆಂಪು ರಿಬ್ಬನ್, ವಿಗ್‌ಗಳದು ನೇರಳೆ ಎಂದು ಹೇವುಡ್ ಮುಂದುವರಿಸುತ್ತಾನೆ.

ಆ ಮನೆಯಾಕೆ ಗಾಬರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಹೊಲಮನೆಯಿದ್ದ, ಇಂಗ್ಲೆಂಡಿನ ಚರ್ಚಿಗೂ ರಾಜನಿಗೂ ನಿಷ್ಠನಾಗಿದ್ದ ಒಬ್ಬ ಸ್ಥಿತಿವಂತ, ಐರ್ಲೆಂಡಿನ ಕಾಡಲ್ಲಿ ತಲೆಮರೆಸಿಕೊಂಡ ಕ್ಯಾಥಲಿಕ್ ದರೋಡೆಕೋರನ ಹೆಸರನ್ನು ತನ್ನ ಟೋಪಿಯ ಮೇಲೆ ಹೊತ್ತು ತಿರುಗುತ್ತಿದ್ದ. ಅವನ ಎದುರಾಳಿ ಹೊತ್ತದ್ದು ಸ್ಕಾಟ್ಲೆಂಡಿನ ಬಯಲಲ್ಲಿ ಗುಂಡೇಟು ತಿನ್ನುತ್ತಿದ್ದ ಹಟವಾದಿ ಭಕ್ತನ ಹೆಸರು. ಮುಂದೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯವನ್ನು ಸರದಿಯಂತೆ ಆಳಿದ ಎರಡು ಪಕ್ಷಗಳಿಗೆ ಈ ಹೆಸರುಗಳೇ ನಿಂತವು. ಆಳಿದವರ ಕಥೆ ಎಲ್ಲರಿಗೂ ಗೊತ್ತು. ಹೆಸರು ಕೊಟ್ಟವರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಲ್ಲಿಂದಲೇ ಹೊರಡಬೇಕು.

ಟೋರಿ ಐರಿಶ್ ನುಡಿಯ ಮಾತು. ಬೆನ್ನಟ್ಟುವುದು, ಹುಡುಕಾಡುವುದು ಎಂಬ ಅರ್ಥದ ಮೂಲದಿಂದ ಬಂದದ್ದು. ಅದು ಇಂಗ್ಲಿಷಿನವರ ಕಿವಿಗೆ ಬಿದ್ದದ್ದು ಯುದ್ಧದ ನಡುವೆ. 1649ರ ಜನವರಿಯಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ತಲೆ ಕಡಿಸಿದ ಇಂಗ್ಲೆಂಡಿನ ಹೊಸ ಸರ್ಕಾರ ಅದೇ ಆಗಸ್ಟ್‌ನಲ್ಲಿ ಆಲಿವರ್ ಕ್ರಾಮ್‌ವೆಲ್‌ನನ್ನು ಐರ್ಲೆಂಡಿಗೆ ಕಳಿಸಿತು. ಸೆಪ್ಟೆಂಬರ್‌ನಲ್ಲಿ ಡ್ರೊಹಿಡಾ ಪಟ್ಟಣ ಬಿದ್ದಾಗ ಅವನ ಸೈನ್ಯ ಕಾವಲು ಪಡೆಯನ್ನು ಹೆಚ್ಚುಕಡಿಮೆ ಪೂರ್ತಿ ಕೊಂದುಹಾಕಿತು, ಊರವರೂ ಸತ್ತರು. ಯುದ್ಧಕ್ಕಿಂತ ಹೆಚ್ಚು ಕಾಲ ಉಳಿದ ಗಾಯ 1652ರ ಕಾಯ್ದೆಯದು. ಕ್ಯಾಥಲಿಕ್ ಭೂಮಾಲೀಕರ ಜಮೀನು ಕಿತ್ತು, ಸಂಬಳ ಬಾಕಿಯಿದ್ದ ಸೈನಿಕರಿಗೂ ಯುದ್ಧಕ್ಕೆ ಸಾಲ ಕೊಟ್ಟಿದ್ದ ಲಂಡನ್ನಿನ ಸಾಹುಕಾರರಿಗೂ ಹಂಚಲಾಯಿತು. ಜಮೀನು ಕಳೆದುಕೊಂಡವರು 1654ರ ಮೇ 1ರೊಳಗೆ ಶ್ಯಾನನ್ ನದಿ ದಾಟಿ, ಕಲ್ಲುಮುಳ್ಳಿನ ಕೊನಾಕ್ಟ್ ಪ್ರಾಂತ್ಯಕ್ಕೆ ಹೋಗಬೇಕೆಂದು ಅಪ್ಪಣೆಯಾಯಿತು.

ಎಲ್ಲರೂ ಹೋಗಲಿಲ್ಲ. ಸೈನ್ಯ ಕರಗಿ ಕೆಲಸ ಕಳೆದುಕೊಂಡ ಸಿಪಾಯಿಗಳು, ಅಪ್ಪನ ಹೊಲದಲ್ಲಿ ಪರರ ನೇಗಿಲು ಓಡುವುದನ್ನು ಕಂಡ ಮಕ್ಕಳು ಜೌಗು ನೆಲ, ಕಾಡು, ಗುಡ್ಡ ಸೇರಿದರು. ಹೊಸದಾಗಿ ಬಂದು ನೆಲೆಸಿದವರ ದನ ಹೊಡೆದರು, ದಾರಿಯಲ್ಲಿ ಅಡ್ಡಗಟ್ಟಿ ಸುಲಿದರು. ಇವರೇ ಟೋರಿಗಳು. 1657ರಲ್ಲಿ ಮೇಜರ್ ಮಾರ್ಗನ್ ಎಂಬ ಸದಸ್ಯ ವೆಸ್ಟ್‌ಮಿನ್‌ಸ್ಟರ್‌ನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಐರ್ಲೆಂಡಿನಲ್ಲಿ ನಾವು ಕೊಲ್ಲಬೇಕಾದ ಮೃಗಗಳು ಮೂರು ಎಂದು ಲೆಕ್ಕ ಒಪ್ಪಿಸಿದ. ತೋಳದ ತಲೆಗೆ 5 ಪೌಂಡ್, ಕ್ಯಾಥಲಿಕ್ ಪಾದ್ರಿಯ ತಲೆಗೆ 10 ಪೌಂಡ್, ಹೆಸರುವಾಸಿ ಟೋರಿಯ ತಲೆಗೆ 20 ಪೌಂಡ್. ಬಾಯಿಮಾತಿನ ಬೈಗುಳವಾಗುವ ಮೊದಲು ಆ ಹೆಸರು ಸರ್ಕಾರಿ ದರಪಟ್ಟಿಯಲ್ಲಿ ಇತ್ತು ಎಂಬುದನ್ನು ನಾವು ಮರೆಯಬಾರದು.

1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದ. ತನ್ನ ತಂದೆಯ ಪರವಾಗಿ ಕಾದಾಡಿದ ಐರಿಶರಿಗೆ ಅವನು ಜಮೀನು ಮರಳಿಸಿಯಾನು ಎಂಬ ಆಸೆ ಹೆಚ್ಚಿನವರ ಪಾಲಿಗೆ ಹುಸಿಯಾಯಿತು. ಟೋರಿಗಳು ಗುಡ್ಡದಲ್ಲೇ ಉಳಿದರು. 1670ರ ದಶಕದಲ್ಲಿ ಅಲ್ಸ್ಟರ್ ಸೀಮೆಯ ರೆಡ್ಮಂಡ್ ಓಹ್ಯಾನ್ಲನ್ ಅವರೊಳಗೆಲ್ಲ ಪ್ರಸಿದ್ಧನಾದ. ವ್ಯಾಪಾರಿಗಳು ಅವನಿಗೆ ಕಪ್ಪ ಕೊಟ್ಟು ದಾರಿ ನಡೆಯುತ್ತಿದ್ದರು. ಅವನ ಕಥೆಗಳು ಲಂಡನ್ನಿನಲ್ಲೂ ಅಚ್ಚಾದವು. 1681ರ ಏಪ್ರಿಲ್‌ನಲ್ಲಿ, ಮಲಗಿದ್ದ ಅವನನ್ನು ಇನಾಮಿನ ಆಸೆಗೆ ಸಾಕುತಮ್ಮನೇ ಗುಂಡಿಟ್ಟು ಕೊಂದ. ತಲೆಯನ್ನು ಡೌನ್‌ಪ್ಯಾಟ್ರಿಕ್‌ನ ಸೆರೆಮನೆಯ ಮೇಲೆ ಸಿಕ್ಕಿಸಿದರು. ಕೆಂಪು ರಿಬ್ಬನ್ನಿನ ಮನುಷ್ಯ ಚೆಸ್ಟರ್‌ಫೀಲ್ಡ್‌ನ ಆ ಮನೆಯಲ್ಲಿ ಕೂತು ತಾನು ಟೋರಿ ಎಂದದ್ದು ಇದಾಗಿ ಆರೇ ತಿಂಗಳಿಗೆ.

ವಿಗ್ ಹುಟ್ಟಿದ್ದು ಸ್ಕಾಟ್ಲೆಂಡಿನ ನೈಋತ್ಯ ಮೂಲೆಯಲ್ಲಿ. ಅಲ್ಲಿನ ರೈತರು, ಕಸಬಿನವರು ಪ್ರೆಸ್ಬಿಟೇರಿಯನ್ ಪಂಥದವರು. ಚರ್ಚಿಗೆ ಬಿಷಪ್ಪರ ಯಜಮಾನಿಕೆ ಬೇಡ, ಧರ್ಮದ ವಿಷಯದಲ್ಲಿ ದೊರೆಯೂ ಕೈ ಹಾಕಬಾರದು ಎಂದು 1638ರಲ್ಲಿ ದೇವರ ಸಾಕ್ಷಿಯಾಗಿ ಒಡಂಬಡಿಕೆ ಮಾಡಿಕೊಂಡಿದ್ದರು. ಅದಕ್ಕೇ ಅವರಿಗೆ ಕವನೆಂಟರ್ ಎಂದು ಹೆಸರು. 1648ರಲ್ಲಿ ಸ್ಕಾಟ್ಲೆಂಡಿನ ಕೆಲವು ಶ್ರೀಮಂತರು ಒಂದನೆಯ ಚಾರ್ಲ್ಸ್‌ನ ಜೊತೆ ರಾಜಿ ಮಾಡಿಕೊಂಡು ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗಿ, ಪ್ರೆಸ್ಟನ್ ಬಳಿ ಕ್ರಾಮ್‌ವೆಲ್‌ಗೆ ಸೋತರು. ಸುದ್ದಿ ತಿಳಿದದ್ದೇ ತಡ, ಪಶ್ಚಿಮದ ಹಳ್ಳಿಗಳಿಂದ ಸಾವಿರಾರು ಜನ ಆಯುಧ ಹಿಡಿದು ಎಡಿನ್‌ಬರೋ ರಾಜಧಾನಿಗೆ ನುಗ್ಗಿ, ರಾಜಿಕೋರರ ಸರ್ಕಾರವನ್ನು ಕಿತ್ತೆಸೆದರು. ಇದಕ್ಕೆ ವಿಗ್ಗಮೋರರ ದಾಳಿ ಎಂದು ಹೆಸರಾಯಿತು.

ವಿಗ್ಗಮೋರ್ ಎಂದರೇನು ಎಂಬುದಕ್ಕೆ ಒಂದಲ್ಲ, ಹಲವು ಉತ್ತರಗಳಿವೆ. ಆ ಕಾಲದವನೇ ಆದ, ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಬೆಳೆದ ಬಿಷಪ್ ಗಿಲ್ಬರ್ಟ್ ಬರ್ನೆಟ್ ಹೇಳುವುದು ಹೀಗೆ: ನೈಋತ್ಯದಲ್ಲಿ ಬೆಳೆ ಸಾಲದೆ ಅಲ್ಲಿಯವರು ಲೀತ್ ಬಂದರಿಗೆ ಧಾನ್ಯ ಕೊಳ್ಳಲು ಬರುತ್ತಿದ್ದರು, ಕುದುರೆ ಹೊಡೆಯುವಾಗ ‘ವಿಗ್ಗಮ್’ ಎಂದು ಕೂಗುತ್ತಿದ್ದರು, ಅದರಿಂದ ಈ ಹೆಸರು. ಹೆಣ್ಣುಕುದುರೆ ಓಡಿಸುವವ ಎಂಬರ್ಥದ ಸ್ಕಾಟ್ ಮಾತೇ ಮೂಲ ಎಂದು ಈಗಿನ ನಿಘಂಟುಕಾರರೂ ಹೆಚ್ಚುಕಡಿಮೆ ಅತ್ತಲೇ ವಾಲುತ್ತಾರೆ. ಆ ಬಡವರು ಕುಡಿಯುತ್ತಿದ್ದ ಹುಳಿ ಮಜ್ಜಿಗೆಗೆ ವಿಗ್ ಎಂಬ ಹೆಸರಿತ್ತು, ಅದೇ ಮೂಲ ಎಂಬವರೂ ಇದ್ದರು. ಯಾವುದೇ ಇರಲಿ, ಪಟ್ಟಣದವನ ಬಾಯಲ್ಲಿ ಅದು ಹಳ್ಳಿಗನನ್ನು ಹೀಗಳೆಯುವ ಮಾತು.

ಎರಡನೆಯ ಚಾರ್ಲ್ಸ್ ಬಂದ ಮೇಲೆ ಬಿಷಪ್ಪರೂ ಮರಳಿ ಬಂದರು. ಒಪ್ಪದ 200ಕ್ಕೂ ಹೆಚ್ಚು ಪಾದ್ರಿಗಳನ್ನು ಚರ್ಚುಗಳಿಂದ ಹೊರದಬ್ಬಲಾಯಿತು. ಅವರು ಗುಡ್ಡದ ಬೋರೆಗಳಲ್ಲಿ, ಹೊಳೆದಂಡೆಯಲ್ಲಿ ಪ್ರಾರ್ಥನಾ ಸಭೆ ನಡೆಸಿದರು. ಸುತ್ತ ಕಾವಲಿಗೆ ಜನ ನಿಲ್ಲುತ್ತಿದ್ದರು. 1670ರಲ್ಲಿ ಬಯಲಲ್ಲಿ ಬೋಧಿಸಿದವನಿಗೆ ಮರಣದಂಡನೆ ಎಂದು ಕಾನೂನಾಯಿತು. 1679ರ ಮೇ 3ರಂದು ಕೆಲವು ಕವನೆಂಟರುಗಳು ಸೇಂಟ್ ಆಂಡ್ರೂಸ್‌ನ ಆರ್ಚ್‌ಬಿಷಪ್ ಜೇಮ್ಸ್ ಶಾರ್ಪ್‌ನನ್ನು ದಾರಿಯಲ್ಲಿ ಬಂಡಿಯಿಂದ ಎಳೆದು, ಮಗಳ ಕಣ್ಣೆದುರೇ ಕೊಂದರು. ಜೂನ್ 1ರಂದು ಡ್ರಮ್‌ಕ್ಲಾಗ್‌ನಲ್ಲಿ ರಾಜನ ಕುದುರೆ ದಳವನ್ನು ಸೋಲಿಸಿದರು. ಜೂನ್ 22ಕ್ಕೆ ಬಾತ್‌ವೆಲ್ ಸೇತುವೆಯ ಬಳಿ ರಾಜನ ಮಗ ಮನ್ಮತ್‌ನ ಡ್ಯೂಕ್ ಅವರನ್ನು ಚದುರಿಸಿದ. ಸುಮಾರು 1,200 ಮಂದಿ ಸೆರೆ ಸಿಕ್ಕಿ, ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದ ಪಕ್ಕದ ಬಯಲಲ್ಲಿ ಕೂಡಿಹಾಕಲ್ಪಟ್ಟರು. ಕೊನೆಯವರೆಗೂ ತಲೆಬಾಗದ 250ಕ್ಕೂ ಹೆಚ್ಚು ಜನರನ್ನು ದೂರದ ತೋಟಗಳಿಗೆ ಜೀತಕ್ಕೆಂದು ಹಡಗು ಹತ್ತಿಸಿದರು. ಡಿಸೆಂಬರ್‌ನಲ್ಲಿ ಓರ್ಕ್‌ನಿ ದ್ವೀಪದ ಬಳಿ ಆ ಹಡಗು ಬಂಡೆಗೆ ಬಡಿಯಿತು. ಕೈದಿಗಳು ಕೆಳಗಿನ ಅಂಕಣದಲ್ಲಿ ಬಂದಿಯಾಗಿದ್ದರು. ಸುಮಾರು 200 ಮಂದಿ ಅಲ್ಲೇ ಮುಳುಗಿ ಸತ್ತರು.

ಲಂಡನ್ನಿಗೆ ಈ ಸುದ್ದಿಗಳೆಲ್ಲ ಬಂದು ತಲುಪಿದ್ದು ಆ ಊರು ತನ್ನದೇ ಭಯದಲ್ಲಿ ಕುದಿಯುತ್ತಿದ್ದ ಹೊತ್ತಿನಲ್ಲಿ. ಚಾರ್ಲ್ಸ್‌ಗೆ ಇಟ್ಟುಕೊಂಡವರಲ್ಲಿ ಹತ್ತಾರು ಮಕ್ಕಳಿದ್ದರೂ ರಾಣಿಯಲ್ಲಿ ಒಂದೂ ಇರಲಿಲ್ಲ. ಪಟ್ಟ ಸಿಗಬೇಕಾದದ್ದು ತಮ್ಮ, ಯಾರ್ಕ್‌ನ ಡ್ಯೂಕ್ ಜೇಮ್ಸ್‌ಗೆ. ಅವನು ಕ್ಯಾಥಲಿಕ್ ಮತಕ್ಕೆ ಸೇರಿದ್ದ. ಸರ್ಕಾರಿ ಹುದ್ದೆಯಲ್ಲಿರುವವರು ಕ್ಯಾಥಲಿಕ್ ನಂಬಿಕೆಯನ್ನು ನಿರಾಕರಿಸಿ ಪ್ರಮಾಣ ಮಾಡಬೇಕೆಂದು 1673ರಲ್ಲಿ ಕಾಯ್ದೆ ಬಂದಾಗ ಅವನು ನೌಕಾಪಡೆಯ ಮುಖ್ಯಸ್ಥಾನ ಬಿಟ್ಟ, ಗುಟ್ಟು ಬಯಲಾಯಿತು. ಕ್ಯಾಥಲಿಕ್ ದೊರೆ ಎಂದರೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯಂತೆ ಪಾರ್ಲಿಮೆಂಟಿಲ್ಲದೆ ಆಳುವವನು ಎಂಬುದು ಆಗಿನ ಇಂಗ್ಲಿಷರ ಗಟ್ಟಿ ನಂಬಿಕೆ.

ಆ ಒಣಹುಲ್ಲಿಗೆ ಕಿಡಿ ಹಾಕಿದವನು ಟೈಟಸ್ ಓಟ್ಸ್. ಹೋದಲ್ಲೆಲ್ಲ ಹೊರದೂಡಿಸಿಕೊಂಡ, ಸುಳ್ಳನ್ನು ಸಲೀಸಾಗಿ ಹೇಳಬಲ್ಲ ಪಾದ್ರಿ. ರಾಜನನ್ನು ಕೊಂದು ಜೇಮ್ಸ್‌ನನ್ನು ಪಟ್ಟಕ್ಕೆ ತರಲು ಜೆಸುಯಿಟರೆಂಬ ಕ್ಯಾಥಲಿಕ್ ಸನ್ಯಾಸಿಗಳು ಸಂಚು ಹೂಡಿದ್ದಾರೆ ಎಂದು 1678ರಲ್ಲಿ ಅವನು ಹೆಸರು, ದಿನ, ಜಾಗ ಸಮೇತ ಕಟ್ಟುಕಥೆ ಹೆಣೆದ. ಅವನ ಹೇಳಿಕೆಯನ್ನು ದಾಖಲಿಸಿಕೊಂಡ ಮ್ಯಾಜಿಸ್ಟ್ರೇಟ್ ಸರ್ ಎಡ್ಮಂಡ್ ಬೆರಿ ಗಾಡ್‌ಫ್ರಿ ಅಕ್ಟೋಬರ್ 12ರಂದು ಕಾಣೆಯಾದ. 17ರಂದು ಪ್ರಿಮ್‌ರೋಸ್ ಹಿಲ್ ಬಳಿಯ ಹಳ್ಳದಲ್ಲಿ ಹೆಣ ಸಿಕ್ಕಿತು, ಅವನದೇ ಕತ್ತಿ ಮೈಯಲ್ಲಿ ನಾಟಿತ್ತು. ಕೊಂದವರು ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಲಂಡನ್ನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಗಾಡ್‌ಫ್ರಿಯ ಹೆಸರು ಕೆತ್ತಿದ ಕಠಾರಿಗಳು ಅಂಗಡಿಗಳಲ್ಲಿ ಮಾರಾಟವಾದವು. ಮುಂದಿನ ಮೂರು ವರ್ಷ ಓಟ್ಸ್ ಮತ್ತು ಅವನಂಥ ಸಾಕ್ಷಿಗಳ ಮಾತಿನ ಮೇಲೆ ನಿರಪರಾಧಿಗಳು ಸಾಲುಸಾಲಾಗಿ ಗಲ್ಲಿಗೇರಿದರು. ಕೊನೆಯವನು ಐರ್ಲೆಂಡಿನ ಅರ್ಮಾದ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್, 1681ರ ಜುಲೈ 1ರಂದು.

ಈ ಭಯವನ್ನು ರಾಜಕಾರಣವಾಗಿ ತಿರುಗಿಸಿದವನು ಶಾಫ್ಟ್ಸ್‌ಬರಿಯ ಅರ್ಲ್ ಆಂಟನಿ ಆಶ್ಲಿ ಕೂಪರ್. ಕುಳ್ಳ, ರೋಗಿಷ್ಟ, ಮಹಾ ಚತುರ. ತತ್ವಜ್ಞಾನಿ ಜಾನ್ ಲಾಕ್ ಅವನ ಮನೆಯ ವೈದ್ಯನೂ ಆಪ್ತನೂ ಆಗಿದ್ದ. ಜೇಮ್ಸ್‌ನನ್ನು ಉತ್ತರಾಧಿಕಾರದಿಂದ ಹೊರಗಿಡುವ ಮಸೂದೆ 1679ರ ಮೇ ತಿಂಗಳಲ್ಲಿ ಕಾಮನ್ಸ್ ಸಭೆಗೆ ಬಂತು. ಚಾರ್ಲ್ಸ್ ಸಭೆಯನ್ನೇ ಮುಂದೂಡಿ, ಆಮೇಲೆ ವಿಸರ್ಜಿಸಿದ. ಮರುಚುನಾವಣೆಯಾದರೂ ಗೆದ್ದವರನ್ನು ಒಂದು ವರ್ಷ ಕೂಡಲು ಬಿಡಲಿಲ್ಲ. ಆಗ ಪಾರ್ಲಿಮೆಂಟು ಕರೆಯಬೇಕೆಂದು ಊರೂರಿನಿಂದ ಸಾವಿರಾರು ಸಹಿಯ ಮನವಿಗಳು ಬಂದವು. ಇಂಥ ಮನವಿ ಕಂಡರೆ ನಮಗೆ ಅಸಹ್ಯ ಎಂದು ರಾಜನ ಕಡೆಯವರು ಪ್ರತಿಮನವಿ ಸಲ್ಲಿಸಿದರು. ಮನವಿದಾರರು, ಅಸಹ್ಯಪಟ್ಟವರು: ಇವೇ ಆ ಎರಡು ಬಣಗಳ ಮೊದಲ ಹೆಸರುಗಳು. ಅವು ಹೆಚ್ಚು ದಿನ ಬಾಳಲಿಲ್ಲ.

ಏಕೆಂದರೆ ಅದು ಅಚ್ಚುಮೊಳೆಯ ಹಬ್ಬದ ಕಾಲ. ಪುಸ್ತಕಗಳಿಗೆ ಮುಂಚೆಯೇ ಪರವಾನಗಿ ಬೇಕೆನ್ನುವ ಕಾಯ್ದೆ 1679ರಲ್ಲಿ ಅವಧಿ ಮುಗಿದು ಬಿದ್ದುಹೋಗಿತ್ತು. ಕರಪತ್ರ, ಲಾವಣಿ, ವ್ಯಂಗ್ಯಚಿತ್ರಗಳು ಕಾಫಿ ಹೌಸುಗಳಲ್ಲಿ ಕೈಯಿಂದ ಕೈಗೆ ಓಡಾಡಿದವು. ಚಾನ್ಸರಿ ಲೇನ್ ಮೂಲೆಯ ಕಿಂಗ್ಸ್ ಹೆಡ್ ಹೋಟೆಲಿನಲ್ಲಿ ಶಾಫ್ಟ್ಸ್‌ಬರಿಯ ಕಡೆಯವರು ಹಸಿರು ರಿಬ್ಬನ್ ಧರಿಸಿ ಸೇರುತ್ತಿದ್ದರು. ನವೆಂಬರ್ 17, ಹಳೆಯ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ದಿನ, ಪೋಪನ ದೊಡ್ಡ ಬೊಂಬೆಯನ್ನು ಪಂಜಿನ ಮೆರವಣಿಗೆಯಲ್ಲಿ ಹೊತ್ತು ತಂದು ಸುಡುತ್ತಿದ್ದರು.

ಹೆಸರಿಡುವ ಕಾದಾಟ ಹೇಗೆ ನಡೆಯಿತೆಂದು ರಾಜಪಕ್ಷದ ವಕೀಲ ರಾಜರ್ ನಾರ್ತ್ ಬರೆದಿಟ್ಟಿದ್ದಾನೆ. ಅವನ ‘ಎಕ್ಸಾಮೆನ್’ ಅಚ್ಚಾದದ್ದು 1740ರಲ್ಲಿ, ಅವನು ಸತ್ತ ಮೇಲೆ. ಅವನ ಪ್ರಕಾರ ರಾಜನ ಕಡೆಯವರನ್ನು ಮೊದಲು ಯಾರ್ಕಿಸ್ಟ್ ಎಂದು ಕರೆದರು. ಅದರಲ್ಲಿ ಬೈಗುಳದ ಬಿಸಿಯೇ ಇರಲಿಲ್ಲ. ಆಮೇಲೆ ಟ್ಯಾಂಟಿವಿ. ಬೇಟೆಯ ಕಹಳೆಯ ಸದ್ದು ಅದು. ಇಂಗ್ಲೆಂಡಿನ ಪಾದ್ರಿಗಳು ಚರ್ಚಿನ ಮೇಲೆ ಸವಾರಿ ಮಾಡಿಕೊಂಡು ರೋಮಿನತ್ತ ನಾಗಾಲೋಟ ಓಡುವ ಒಂದು ಚಿತ್ರ ಅಚ್ಚಾಗಿತ್ತು. ಅದೂ ಸಾಲಲಿಲ್ಲ. ಜೇಮ್ಸ್‌ಗೆ ಐರಿಶರ ಮೇಲೆ ಪ್ರೀತಿ ಎಂಬ ಮಾತು ಹಬ್ಬಿದ್ದರಿಂದ ಐರಿಶರನ್ನು ಹೀಗಳೆಯುವ ಹೆಸರುಗಳನ್ನೆಲ್ಲ ತಡಕಾಡಿದರು. ಕೊನೆಗೆ ಕೈಗೆ ಸಿಕ್ಕಿದ್ದು ಟೋರಿ. ಬಾಯಿಗೆ ಹತ್ತಿತು, ನಿಂತಿತು.

ಎದುರು ಬಣಕ್ಕೂ ಹೆಸರು ಹುಡುಕಾಟ ಹೀಗೇ ನಡೆಯಿತು. ಬರ್ಮಿಂಗ್‌ಹ್ಯಾಂ ಪ್ರಾಟೆಸ್ಟಂಟರು ಎಂದು ಕೆಲಕಾಲ ಕರೆದರು, ಏಕೆಂದರೆ ಬರ್ಮಿಂಗ್‌ಹ್ಯಾಂ ಖೋಟಾ ನಾಣ್ಯಕ್ಕೆ ಹೆಸರಾದ ಊರು. ಮಾತು ಮೊನಚಾಗಿತ್ತು, ಆದರೆ ಉದ್ದವಾಯಿತು. ಜಗಳದಲ್ಲಿ ಅಷ್ಟು ಹೊತ್ತು ಉಸಿರು ಯಾರಿಗಿದೆ ಎಂಬ ಅರ್ಥದಲ್ಲಿ ನಾರ್ತ್ ಬರೆಯುತ್ತಾನೆ. ಆಗ ಬಾತ್‌ವೆಲ್ ಸೇತುವೆಯ ಸುದ್ದಿ ಇನ್ನೂ ಬಿಸಿಯಾಗಿತ್ತು. ಬಿಷಪ್ಪನನ್ನು ಕೊಂದವರು, ದೊರೆಯ ಮೇಲೆ ಕತ್ತಿಯೆತ್ತಿದವರು ಎಂಬ ಎರಡೂ ಆಪಾದನೆಯನ್ನು ಒಂದೇ ಉಸಿರಿನಲ್ಲಿ ಹೊರಿಸುವ ಚುಟುಕು ಮಾತು ವಿಗ್.

ಇದಕ್ಕೆ ಬೇರೆ ಪಾಠಗಳೂ ಇವೆ. ತನ್ನ ಸಂಚಿನ ಕಥೆಯನ್ನು ನಂಬದವರನ್ನೆಲ್ಲ ಟೋರಿ ಎಂದು ಮೊದಲು ಕರೆದವನು ಓಟ್ಸ್‌ನೇ ಎಂದು ಕಾದಂಬರಿಕಾರ ಡೇನಿಯಲ್ ಡೀಫೋ ತನ್ನ ಪತ್ರಿಕೆಯಲ್ಲಿ ಹೇಳಿದ್ದ. ಇತಿಹಾಸಕಾರ ಡೇವಿಡ್ ಹ್ಯೂಮ್ 1680ನ್ನು ಈ ಹೆಸರುಗಳ ಹುಟ್ಟುವರ್ಷ ಎಂದ. ಆದರೆ ಇತಿಹಾಸಕಾರ ರಾಬರ್ಟ್ ವಿಲ್ಮನ್ ಅವರು 1974ರಲ್ಲಿ ಆ ಕಾಲದ ಕರಪತ್ರಗಳನ್ನು ಜಾಲಾಡಿ, ಇವು ನಿಜವಾಗಿ ಜನರ ಬಾಯಿಗೆ ಬಂದದ್ದು 1681ರಲ್ಲಿ, ಅಂದರೆ ಮಸೂದೆಯ ಹೋರಾಟ ಪಾರ್ಲಿಮೆಂಟಿನಲ್ಲಿ ಸೋತುಹೋದ ಮೇಲೆ ಎಂದು ತೋರಿಸಿದರು. ಹೆಸರಿನ ಹಿಂದೆ ಪಕ್ಷ ಎಂಬುದೊಂದು ಇತ್ತೇ ಎಂಬುದೂ ತಕರಾರಿನ ವಿಷಯ. ಶಾಫ್ಟ್ಸ್‌ಬರಿ ಕಟ್ಟಿದ್ದು ಶಿಸ್ತಿನ ಪಕ್ಷವೇ ಎಂದು ಜೆ. ಆರ್. ಜೋನ್ಸ್ 1961ರಲ್ಲಿ ವಾದಿಸಿದರೆ, ಜೊನಾಥನ್ ಸ್ಕಾಟ್ ಅಂಥ ಪಕ್ಷವೇ ಇರಲಿಲ್ಲ ಎಂದರು. ಮಾರ್ಕ್ ನೈಟ್ಸ್ ಅವರು ಸಂಘಟನೆಗಿಂತ ಜನಾಭಿಪ್ರಾಯದ ಏರಿಳಿತವೇ ಮುಖ್ಯ ಎಂದರು. ನನಗೆ ವಿಲ್ಮನ್ ಹೇಳಿದ ಕಾಲಗಣನೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಆ ಸೋಲಿನ ರೀತಿಯೇ ಈ ಹೆಸರುಗಳನ್ನು ಬೀದಿಗೆ ತಂದಿತು.

ಸೋಲು ಬಂದದ್ದು ಎರಡು ಹೆಜ್ಜೆಯಲ್ಲಿ. 1680ರ ನವೆಂಬರ್‌ನಲ್ಲಿ ಎರಡನೆಯ ಮಸೂದೆ ಕಾಮನ್ಸ್‌ನಲ್ಲಿ ಪಾಸಾಗಿ ಲಾರ್ಡ್ಸ್ ಸಭೆಗೆ ಹೋಯಿತು. ಹದಿನೈದರಂದು ರಾಜನೇ ಬಂದು ಕೂತು ಚರ್ಚೆ ಕೇಳಿದ. ಹ್ಯಾಲಿಫ್ಯಾಕ್ಸ್‌ನ ಧಣಿ ಜಾರ್ಜ್ ಸ್ಯಾವಿಲ್, ಶಾಫ್ಟ್ಸ್‌ಬರಿಯ ಒಂದೊಂದು ಮಾತಿಗೂ ಎದ್ದು ಉತ್ತರ ಕೊಟ್ಟ. ರಾತ್ರಿ ಮತಕ್ಕೆ ಹಾಕಿದಾಗ ಮಸೂದೆ 63ಕ್ಕೆ 30ರಂತೆ ಬಿದ್ದುಹೋಯಿತು. ಎರಡೂ ಕಡೆಗೆ ಪೂರ್ತಿ ಸೇರದ ಹ್ಯಾಲಿಫ್ಯಾಕ್ಸ್‌ಗೂ ಮುಂದೆ ಒಂದು ಹೀಗಳಿಕೆಯ ಹೆಸರು ಬಿತ್ತು: ಟ್ರಿಮ್ಮರ್, ದೋಣಿ ಯಾವ ಕಡೆಗೂ ವಾಲದಂತೆ ಭಾರ ಸರಿಸುವವನು. ಅವನು ಅದನ್ನೇ ಒಪ್ಪಿಕೊಂಡು ಅದರ ಸಮರ್ಥನೆಗೆ ಒಂದು ಸೊಗಸಾದ ಪುಸ್ತಿಕೆಯನ್ನೇ ಬರೆದ.

ಎರಡನೆಯ ಹೆಜ್ಜೆ ಆಕ್ಸ್‌ಫರ್ಡ್. ಲಂಡನ್ನಿನ ಗುಂಪುಗಳಿಂದ ದೂರವಿರಲೆಂದು ಚಾರ್ಲ್ಸ್ 1681ರ ಮಾರ್ಚ್ 21ಕ್ಕೆ ಅಲ್ಲಿ ಪಾರ್ಲಿಮೆಂಟು ಕರೆದ. ಎರಡೂ ಕಡೆಯವರು ಆಯುಧಧಾರಿ ಆಳುಗಳ ಜೊತೆಗೆ ಬಂದರು. ಫ್ರಾನ್ಸಿನ ದೊರೆಯಿಂದ ಹಣದ ಭರವಸೆ ಆಗಲೇ ಚಾರ್ಲ್ಸ್‌ಗೆ ಗುಟ್ಟಾಗಿ ಸಿಕ್ಕಿತ್ತು. ತೆರಿಗೆಗಾಗಿ ಸಭೆಯ ಮುಂದೆ ಕೈಚಾಚುವ ಅಗತ್ಯವಿರಲಿಲ್ಲ. ಕಾಮನ್ಸ್ ಮೂರನೆಯ ಮಸೂದೆ ಎತ್ತಿಕೊಂಡಿತು. ಮಾರ್ಚ್ 28ರ ಬೆಳಗ್ಗೆ ದೊರೆ ಎಂದಿನಂತೆ ಲಾರ್ಡ್ಸ್ ಸಭೆಗೆ ಬಂದ. ವಿಸರ್ಜನೆಯನ್ನು ಪೂರ್ಣ ರಾಜವೇಷದಲ್ಲೇ ಮಾಡಬೇಕು; ಆ ನಿಲುವಂಗಿಯನ್ನು ಯಾರಿಗೂ ತಿಳಿಯದಂತೆ ಮುಚ್ಚಿದ ಮೇನೆಯೊಂದರಲ್ಲಿ ಹಿಂದಿನಿಂದ ತರಿಸಿದ್ದ. ಒಳಗೆ ಹೋಗಿ ವೇಷ ತೊಟ್ಟು ಬಂದು, ಕಾಮನ್ಸ್ ಸದಸ್ಯರನ್ನು ಕರೆಸಿ, ಪಾರ್ಲಿಮೆಂಟು ವಿಸರ್ಜನೆಯಾಯಿತು ಎಂದು ಹೇಳಿ ಹೊರಟುಹೋದ. ಸದಸ್ಯರು ಸಿಕ್ಕಸಿಕ್ಕ ಬಂಡಿ ಹಿಡಿದು ಊರು ಬಿಟ್ಟರು. ಬಂಡಿ ಬಾಡಿಗೆ ಒಮ್ಮೆಲೇ ಏರಿತೆಂದು ಆ ದಿನವನ್ನು ಕಂಡವರು ಹೇಳಿದರು. ಚಾರ್ಲ್ಸ್ ಸಾಯುವವರೆಗೆ ಮತ್ತೆ ಪಾರ್ಲಿಮೆಂಟು ಸೇರಲಿಲ್ಲ.

ಸಭೆಯ ಬಾಗಿಲು ಮುಚ್ಚಿದ ಮೇಲೆ ಜಗಳಕ್ಕೆ ಉಳಿದದ್ದು ಬೀದಿ, ಚರ್ಚಿನ ವೇದಿಕೆ ಮತ್ತು ಅಚ್ಚಿನ ಹಾಳೆ. ಅದೇ ಏಪ್ರಿಲ್‌ನಲ್ಲಿ ರಾಜಪಕ್ಷದ ಸರ್ ರಾಜರ್ ಲೆಸ್ಟ್ರೇಂಜ್ ‘ಅಬ್ಸರ್ವೇಟರ್’ ಎಂಬ ಪತ್ರಿಕೆ ಶುರು ಮಾಡಿದ. ಅದೆಲ್ಲ ಸಂಭಾಷಣೆಯ ರೂಪ. ಸ್ವಲ್ಪ ದಿನದಲ್ಲೇ ಆ ಮಾತುಗಾರರಿಗೆ ವಿಗ್ ಮತ್ತು ಟೋರಿ ಎಂದೇ ಹೆಸರಿಟ್ಟ. ಹಳ್ಳಿಯ ಪಾದ್ರಿಗಳು ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ತನ್ನ ಕಡೆಯ ಪಾತ್ರಕ್ಕೆ ಎದುರಾಳಿ ಕೊಟ್ಟ ಬೈಗುಳವನ್ನೇ ಹೆಸರಾಗಿ ಇಟ್ಟನಲ್ಲ, ಆ ಧೈರ್ಯ ಗೆಲ್ಲುತ್ತಿರುವವನದು. ಚೆಸ್ಟರ್‌ಫೀಲ್ಡ್‌ನ ಕೆಂಪು ರಿಬ್ಬನ್ನಿಗೂ ಅದೇ ಧೈರ್ಯ. ಐರಿಶ್ ಕಾಡಿನ ಮನುಷ್ಯ ಸತ್ತಿದ್ದ, ಅವನಿಂದ ಇನ್ನು ಹೆದರಿಕೆಯಿಲ್ಲ. ಅವನ ಹೆಸರನ್ನು ತೊಟ್ಟು ಮೆರೆದರೆ ಎದುರಾಳಿಯ ಬಾಣ ಮೊಂಡಾಗುತ್ತದೆ. ವಿಗ್‌ಗಳಿಗೆ ಆಗ ಅಂಥ ಸಲಿಗೆ ಇರಲಿಲ್ಲ. ಅವರ ಪಾಲಿಗೆ ವಿಗ್ ಎಂಬುದು ದಂಗೆಯ ಆಪಾದನೆ, ದಂಗೆಯ ಆಪಾದನೆ ಎಂದರೆ ಕೊರಳಿಗೆ ಕುಣಿಕೆ.

ಕುಣಿಕೆಗಳು ಬಂದೇ ಬಂದವು. ರಾಜನನ್ನು ಅಣಕಿಸಿ ಲಾವಣಿ ಬರೆದ ಬಡಗಿ ಸ್ಟೀಫನ್ ಕಾಲೆಜ್‌ನನ್ನು ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೇಣು ಹಾಕಿದರು. ರಾಜದ್ರೋಹದ ಆಪಾದನೆ ಹೊತ್ತಿದ್ದ ಶಾಫ್ಟ್ಸ್‌ಬರಿಯನ್ನು ಲಂಡನ್ನಿನ ಜ್ಯೂರಿ ನವೆಂಬರ್‌ನಲ್ಲಿ ಬಿಡಿಸಿತು. ಮರುವರ್ಷ ಅವನು ಹಾಲೆಂಡಿಗೆ ಓಡಿಹೋಗಿ 1683ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ತೀರಿಕೊಂಡ. ಅದೇ ವರ್ಷ, ದೊರೆಯನ್ನೂ ಅವನ ತಮ್ಮನನ್ನೂ ರೈ ಹೌಸ್ ಎಂಬ ಮನೆಯ ಬಳಿ ಕೊಲ್ಲಲು ಹೂಡಿದ್ದರೆನ್ನಲಾದ ಸಂಚು ಬಯಲಾಗಿ ಲಾರ್ಡ್ ವಿಲಿಯಂ ರಸೆಲ್, ಆಲ್ಜರ್ನನ್ ಸಿಡ್ನಿ ತಲೆ ಕಳೆದುಕೊಂಡರು. ಲಾಕ್ ಕೂಡ ದೇಶ ಬಿಟ್ಟ. ಲಂಡನ್ ನಗರದ ಸನದನ್ನೇ ರದ್ದು ಮಾಡಿಸಲಾಯಿತು. 1685ರ ಫೆಬ್ರವರಿಯಲ್ಲಿ ಚಾರ್ಲ್ಸ್ ಸತ್ತಾಗ ಜೇಮ್ಸ್ ಸಲೀಸಾಗಿ ಪಟ್ಟವೇರಿದ. ದಂಗೆಯೆದ್ದ ಮನ್ಮತ್ ಆ ಜುಲೈನಲ್ಲೇ ಸೋತು, ಗರ್ದನ ಹೊಡೆಸಿಕೊಂಡ. ವಿಗ್ ಕಥೆ ಮುಗಿದಂತೆಯೇ ಕಾಣುತ್ತಿತ್ತು.

ಅದನ್ನು ಬದುಕಿಸಿದವನು ಜೇಮ್ಸ್ ತಾನೇ. ಕಾನೂನು ಬದಿಗಿಟ್ಟು ಕ್ಯಾಥಲಿಕರನ್ನು ಹುದ್ದೆಗಳಿಗೆ ತಂದ. ಒಪ್ಪದ ಏಳು ಬಿಷಪ್ಪರ ಮೇಲೆ ಮೊಕದ್ದಮೆ ಹೂಡಿದ. ದೊರೆ ಏನೇ ಮಾಡಲಿ ಎದುರಾಡಬಾರದು ಎಂದು ಬೋಧಿಸಿದ್ದ ಟೋರಿಗಳಿಗೆ ಈಗ ಬಿಸಿತುಪ್ಪ. ಚರ್ಚೋ ದೊರೆಯೋ ಆರಿಸಿಕೊಳ್ಳಬೇಕಾಯಿತು. 1688ರ ಜೂನ್ 30ರಂದು ಜೇಮ್ಸ್‌ನ ಅಳಿಯನಾದ ಹಾಲೆಂಡಿನ ವಿಲಿಯಂನನ್ನು ಕರೆದು ಬರೆದ ಪತ್ರಕ್ಕೆ ಏಳು ಜನ ಸಹಿ ಹಾಕಿದರು. ಅದರಲ್ಲಿ ವಿಗ್ ಆದ ಡೆವನ್‌ಷೈರ್ ಇದ್ದ, ಟೋರಿ ಆದ ಡ್ಯಾನ್ಬಿಯೂ ಇದ್ದ. ನವೆಂಬರ್ 5ರಂದು ವಿಲಿಯಂ ದಂಡೆತ್ತಿ ಬಂದಿಳಿದ, ಜೇಮ್ಸ್ ಫ್ರಾನ್ಸಿಗೆ ಓಡಿದ. ಕ್ಯಾಥಲಿಕರು ಪಟ್ಟಕ್ಕೆ ಬರಕೂಡದು ಎಂದು 1689ರ ಹಕ್ಕುಗಳ ಕಾಯ್ದೆ ಬರೆದಿಟ್ಟಿತು. ಮೂರು ಸಲ ಬಿದ್ದ ಮಸೂದೆಯ ಸಾರ ಇಂಗ್ಲೆಂಡಿನ ಸಂವಿಧಾನವೇ ಆಯಿತು. ಆ ನಿಷೇಧ ಇಂದಿಗೂ ಜಾರಿಯಲ್ಲಿದೆ.

ಇದಾದ ಮೇಲೆ ಎರಡೂ ಹೆಸರುಗಳು ಬೈಗುಳದ ಮುಳ್ಳು ಉದುರಿ ಮನೆಮಾತಾದವು. ಮೂರು ವರ್ಷಕ್ಕೊಮ್ಮೆಯಾದರೂ ಚುನಾವಣೆ ನಡೆಯಬೇಕೆಂದು 1694ರಲ್ಲಿ ಕಾಯ್ದೆಯಾಗಿ, 1695ರಿಂದ 1715ರವರೆಗೆ ಹತ್ತು ಮಹಾಚುನಾವಣೆಗಳು ನಡೆದವು. ಲಂಡನ್ನಿನಲ್ಲಿ ಎರಡೂ ಪಕ್ಷಕ್ಕೆ ಬೇರೆಬೇರೆ ಕಾಫಿ ಹೌಸುಗಳು. ಹೆಂಗಸರು ಮುಖಕ್ಕೆ ಅಂಟಿಸಿಕೊಳ್ಳುತ್ತಿದ್ದ ಕಪ್ಪು ಬೊಟ್ಟನ್ನು ಹಣೆಯ ಬಲಕ್ಕೆ ಇಡುವುದೋ ಎಡಕ್ಕೆ ಇಡುವುದೋ ಎಂಬುದೂ ಪಕ್ಷದ ಪ್ರಶ್ನೆಯಾಯಿತೆಂದು ಪ್ರಬಂಧಕಾರ ಆಡಿಸನ್ 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಬರೆದ. ಹೆಸರು ಅಟ್ಲಾಂಟಿಕ್ ದಾಟಿತು. 1776ರ ಅಮೆರಿಕದಲ್ಲಿ ಸ್ವಾತಂತ್ರ್ಯ ಬೇಕೆಂದವರು ವಿಗ್‌ಗಳು, ದೊರೆಗೆ ನಿಷ್ಠರಾದವರು ಟೋರಿಗಳು. ಅಬ್ರಹಾಂ ಲಿಂಕನ್ ರಾಜಕೀಯ ಶುರು ಮಾಡಿದ್ದು ವಿಗ್ ಪಕ್ಷದಲ್ಲಿ.

ನಮ್ಮ ನಾಡಿಗೂ ವಿಗ್‌ಗಳು ಬಂದುಹೋದರು. ಮೈಸೂರಿನ ಆಡಳಿತವನ್ನು 1831ರಲ್ಲಿ ಕಂಪನಿಯ ಕೈಗೆ ತೆಗೆದುಕೊಂಡ ಗವರ್ನರ್ ಜನರಲ್ ಬೆಂಟಿಂಕ್ ಆ ಪಕ್ಷದ ಮನೆತನದವನು. ಅವನನ್ನು ಊಟಿಯಲ್ಲಿ ಕಾಣಲು 1834ರ ಜೂನ್‌ನಲ್ಲಿ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಮದರಾಸಿನಿಂದ ಪಲ್ಲಕ್ಕಿಯಲ್ಲಿ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದುಹೋದ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವನು. ಕಾಮನ್ಸ್ ಸಭೆಯ ವಿಗ್ ಮಾತುಗಾರನಾಗಿ ಹೆಸರು ಮಾಡಿದ್ದ ಈ ಮೆಕಾಲೆಯೇ 1848ರಲ್ಲಿ ಹೊರಬಂದ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ಈ ಎರಡು ಹೆಸರುಗಳ ಹುಟ್ಟನ್ನು ಲಕ್ಷಾಂತರ ಓದುಗರಿಗೆ ಮುಟ್ಟಿಸಿದ. ಸ್ವಾತಂತ್ರ್ಯದ ಮೆಟ್ಟಿಲುಗಳನ್ನು ವಿಗ್‌ಗಳು ಒಂದೊಂದಾಗಿ ಹತ್ತಿಸಿದರು ಎಂಬ ಆ ಧಾಟಿಯ ಚರಿತ್ರೆಯನ್ನು ಇತಿಹಾಸಕಾರ ಹರ್ಬರ್ಟ್ ಬಟರ್‌ಫೀಲ್ಡ್ ಅವರು 1931ರಲ್ಲಿ ಕಟುವಾಗಿ ಟೀಕಿಸಿದರು. ವಿಗ್ ಪಕ್ಷ ಅಷ್ಟರಲ್ಲಿ ಇರಲೇ ಇಲ್ಲ. 1859ರಲ್ಲಿ ಅದು ಲಿಬರಲ್ ಪಕ್ಷದಲ್ಲಿ ಕರಗಿಹೋಗಿತ್ತು. ಟೋರಿಗಳು 1830ರ ದಶಕದಲ್ಲಿ ಕನ್ಸರ್ವೇಟಿವ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಹೆಸರು ಅವರನ್ನು ಬಿಡಲಿಲ್ಲ. ಬ್ರಿಟನ್ನಿನ ಪತ್ರಿಕೆಗಳ ತಲೆಬರಹದಲ್ಲಿ ಇಂದಿಗೂ ಅವರು ಟೋರಿಗಳೇ.

ಹೆಸರಿನ ಮೊದಲ ಒಡೆಯರಿಗೆ ಆದದ್ದು ಬೇರೆ ಬೇರೆ. ಸ್ಕಾಟ್ಲೆಂಡಿನ ವಿಗ್ಗಮೋರರು ಯಾವುದಕ್ಕಾಗಿ ಸತ್ತರೋ ಅದು 1690ರಲ್ಲಿ ಹೆಚ್ಚಿನ ಮಟ್ಟಿಗೆ ಕೈಗೂಡಿತು. ಬಿಷಪ್ಪರು ಹೋದರು, ಪ್ರೆಸ್ಬಿಟೇರಿಯನ್ ಚರ್ಚೇ ಆ ದೇಶದ ಚರ್ಚಾಯಿತು, ಇಂದಿಗೂ ಆಗಿದೆ. ಐರ್ಲೆಂಡಿನ ಟೋರಿಗಳಿಗೆ ಅದೇ ಕ್ರಾಂತಿ ತಂದದ್ದು ಇನ್ನೊಂದು ಯುದ್ಧ, ಇನ್ನೊಂದು ಸೋಲು, ಇನ್ನೊಂದು ಸುತ್ತು ಜಪ್ತಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಟೋರಿಗಳೆಂಬ ಮಾನ್ಯ ಸದಸ್ಯರು ಸಭೆಯಲ್ಲಿ ಕೂತಿದ್ದ 1695ನೆಯ ಇಸವಿಯಲ್ಲೇ ಡಬ್ಲಿನ್ನಿನ ಪಾರ್ಲಿಮೆಂಟು ಟೋರಿಗಳನ್ನೂ ದರೋಡೆಕೋರರನ್ನೂ ಅಡಗಿಸಲು ಹೊಸ ಕಾಯ್ದೆ ಮಾಡಿತು. 1641ರಲ್ಲಿ ಐರ್ಲೆಂಡಿನ ಭೂಮಿಯಲ್ಲಿ ಕ್ಯಾಥಲಿಕರ ಕೈಯಲ್ಲಿದ್ದದ್ದು ಸುಮಾರು ಶೇ. 59, 1688ರ ಹೊತ್ತಿಗೆ ಅದು ಶೇ. 22ಕ್ಕೆ ಇಳಿದಿತ್ತು, 1703ರಲ್ಲಿ ಉಳಿದದ್ದು ಶೇ. 14.